ಪಾತ್ರೆಯ ಮೇಲಿನ ನಂಬರು

ನಮ್ಮ ನಂಬರು ಉಳಿಯಿತು. ನಿನ್ನೆ ಬೆಳಿಗ್ಗೆ ಹತ್ತೂವರೆಗೆ ನಾನು ಕಾಯಿ ತುರಿಯುತ್ತಿದ್ದಾಗ ಹಳೆಯ ಸಿಮ್ಮು ಪೂರ್ತಿ ಸತ್ತಿತು. ಅದು ಸತ್ತರೆ ಒಳ್ಳೆಯ ಲಕ್ಷಣ ಎಂದು ಮೊಮ್ಮಗಳು ಮೊದಲೇ ಹೇಳಿದ್ದಳು. ಕೈ ತೊಳೆದುಕೊಂಡು, ಹೊಸ ಸಿಮ್ಮು ಹಾಕಿ, ಫೋನನ್ನು ದೇವರ ಗೂಡಿನ ಮುಂದೆ ಇಟ್ಟು ಕೂತೆ. ಸಿಗ್ನಲ್ಲಿನ ಒಂದು ಕಡ್ಡಿ ಬಂತು. ಎರಡು ಬಂತು. ಸ್ವಲ್ಪ ಹೊತ್ತಿಗೆ ನಾಲ್ಕೂ ಬಂದವು. ಕಂಪನಿ ಬೇರೆ, ಹತ್ತು ಅಂಕಿ ಅವೇ.

ಬೀದಿಗೆ ಬಂದು ಹೂವಿನವಳಿಗೆ ಹೇಳಿದೆ. "ಯಾವ ನಂಬರಮ್ಮಾ, ಮನೇದಾ?" ಅಂದಳು. ಫೋನಿನದು ಅಂದೆ. "ಅದು ಎಲ್ಲಿಗೆ ಹೋಗಿತ್ತು?" ಅಂದಳು. ಎರಡು ಮೊಳ ಹೆಚ್ಚಿಗೆ ಕೊಂಡೆ. ಎದುರು ಮನೆಯನ್ನು ಬಾಡಿಗೆಗೆ ನೋಡಲು ಯಾರೋ ಬಂದು ನಿಂತಿದ್ದರು, ಅವರಿಗೂ ಹೇಳಿದೆ. ಅವರು ಆಮೇಲೆ ಮನೆ ಬೇಡ ಎಂದು ಹೋದರಂತೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ಫೋನ್ ನಂಬರಿಗೆ ಇಷ್ಟು ಸಂತೋಷವೇ ಎಂದು ಓದಿದವರಿಗೆ ಅನ್ನಿಸಬಹುದು. ನಾನು ನಾಲ್ಕನೇ ಕ್ಲಾಸಿನ ತನಕ ಹೋದವಳು, ಮೊದಲಿನಿಂದ ಹೇಳಿದರೇ ನನಗೂ ಸರಿಯಾಗಿ ಗೊತ್ತಾಗುವುದು.

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮದು ಪಾತ್ರೆ ಬಾಡಿಗೆಗೆ ಕೊಡುವ ಮನೆ. ನಮ್ಮ ಮನೆಯವರು ಕಾರ್ಖಾನೆಯಿಂದ ರಿಟೈರ್ ಆದ ಮೇಲೆ ಶುರು ಮಾಡಿದ್ದು. ಗೃಹಪ್ರವೇಶ, ನಾಮಕರಣ, ಸೀಮಂತ, ತಿಥಿ, ಏನೇ ಇದ್ದರೂ ನಮ್ಮ ಮುಂದಿನ ಕೋಣೆಯಿಂದ ಕೊಳಗ, ತಪ್ಪಲೆ, ಸೌಟು, ತಟ್ಟೆ, ಲೋಟ ಹೊರಡುತ್ತವೆ. ಹೊರಡುವುದು ಸುಲಭ, ವಾಪಸು ಬರುವುದು ಕಷ್ಟ. ಸ್ಟೀಲ್ ಲೋಟ ಯಾರ ಮನೆಯ ಸ್ಟ್ಯಾಂಡಿನಲ್ಲಿಟ್ಟರೂ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತುಬಿಡುತ್ತದೆ. ಎಲ್ಲರೂ ಪಾತ್ರೆಗೆ ಹೆಸರು ಕೊರೆಸುತ್ತಾರೆ. ಆದರೆ ನನ್ನ ಹೆಸರಿನವರು ನಮ್ಮ ಬೀದಿಯಲ್ಲೇ ಮೂವರಿದ್ದೇವೆ. ಅದಕ್ಕೆ ನಾನು ಹೆಸರು ಬಿಟ್ಟು ಫೋನ್ ನಂಬರು ಕೊರೆಸಿದೆ. ಸಣ್ಣ ಮಿಷನ್ನು ಹಿಡಿದು ಬೀದಿಯಲ್ಲಿ ಕೂಗಿಕೊಂಡು ಬರುವವರೊಬ್ಬರು ಮೂರು ದಿನ ನಮ್ಮ ಜಗಲಿಯ ಮೇಲೆ ಕೂತು ಒಂದೊಂದಾಗಿ ಕೊರೆದರು. ಅಲ್ಲಿಂದ ಮುಂದೆ ಪಾತ್ರೆಗಳು ದಾರಿ ಕಂಡುಕೊಂಡವು. ಒಂದು ಸಲ ಆಯನೂರಿನಿಂದ ಯಾರೋ ಹೆಂಗಸು ಫೋನ್ ಮಾಡಿ, "ನಿಮ್ದೊಂದು ಸೌಟು ನಮ್ ಹಿತ್ತಲಲ್ಲಿ ಇದೆ, ಯಾವಾಗ ಬರ್ತೀರಿ?" ಅಂದಳು. ಸೌಟು ಆಯನೂರಿಗೆ ಹೇಗೆ ಹೋಯಿತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೀಗಿರುವಾಗ, ಒಂದು ವರ್ಷದ ಹಿಂದೆ ಹಳೆಯ ಕಂಪನಿಯ ಸಿಗ್ನಲ್ಲು ನಮ್ಮ ಬೀದಿಗೆ ಬರುವುದನ್ನು ಬಿಟ್ಟಿತು. ಮನೆಯಲ್ಲಿ ಒಂದೇ ಕಡೆ ಸಿಗುತ್ತಿತ್ತು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನಿಂತು, ಮುಖವನ್ನು ಕಾರ್ಖಾನೆಯ ಚಿಮಣಿ ಕಡೆಗೆ ತಿರುಗಿಸಬೇಕು. ಈ ವಯಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ಕಲ್ಲು ಹತ್ತಲಿ? ಫೋನ್ ಮಾಡಿದವರಿಗೆಲ್ಲ ನಾನು ವ್ಯಾಪ್ತಿ ಪ್ರದೇಶದ ಹೊರಗಿದ್ದೇನೆ ಎಂದು ಒಬ್ಬಳು ಹೇಳುತ್ತಿದ್ದಳು. ನಾನು ಅಡಿಗೆಮನೆಯಲ್ಲೇ ಇರುತ್ತಿದ್ದೆ. ಒಂದು ಸೀಮಂತ, ಎರಡು ಗೃಹಪ್ರವೇಶ ಬೇರೆ ಪಾತ್ರೆಯವರ ಪಾಲಾದವು. ಸಿಕ್ಕಿದ ಪಾತ್ರೆ ಹಿಡಿದುಕೊಂಡು ಯಾರು ಎಷ್ಟು ಸಲ ಫೋನ್ ಮಾಡಿ ಸುಮ್ಮನಾದರೋ, ಅದು ಆ ಒಬ್ಬಳಿಗೇ ಗೊತ್ತು.

"ಹೊಸ ನಂಬರ್ ತಗೋ ಮಾರಾಯ್ತಿ," ಅಂದರು ಮನೆಯವರು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಪಾತ್ರೆ ಮೇಲಿರೋದು?"

"ಪಕ್ಕದಲ್ಲಿ ಇನ್ನೊಂದು ಕೊರೆಸು."

"ಲೋಟ ಎಷ್ಟು ತೆಳ್ಳಗಿದೆ ನೋಡಿದೀರಾ? ಇನ್ನೊಂದು ಸಲ ಕೊರೆದ್ರೆ ಕಾಫಿ ಸೋಸ್ಬೋದು ಅದ್ರಲ್ಲಿ. ಹೊರಗೆ ಹೋಗಿರೋ ಪಾತ್ರೆಗೆ ಏನು ಮಾಡೋಣ? ಹಳೇ ನಂಬರನ್ನ ಕಂಪನಿಯವರು ಇನ್ಯಾರಿಗೋ ಕೊಡ್ತಾರಂತೆ. ನಮ್ ಸೌಟು ಸಿಕ್ಕಿದೆ ಅಂತ ಅವರಿಗೆ ಫೋನ್ ಹೋಗುತ್ತೆ."

ಅವರು ಪುಟ ತಿರುಗಿಸಿದರು. "ಅವರಿಗೂ ಸೌಟು ಬೇಕಾಗಿರ್ಬೋದು," ಅಂದರು.

ಮೊಮ್ಮಗಳು ಬಂದ ಭಾನುವಾರ ವಿಷಯ ಬದಲಾಯಿತು. ಅವಳು ನಮ್ಮ ಮಗಳ ಮಗಳು, ಶಿವಮೊಗ್ಗದಲ್ಲಿ ಪಿಯುಸಿ ಎರಡನೇ ವರ್ಷ. ನಾನು ಕಲ್ಲಿನ ಮೇಲೆ ನಿಂತು ಮಾತಾಡುವುದನ್ನು ನೋಡಿ, "ಅಜ್ಜಿ, ಇಳೀರಿ. ನಂಬರ್ ಇದೇ ಇಟ್ಕೊಂಡು ಕಂಪನಿ ಬದಲಾಯಿಸ್ಬೋದು," ಅಂದಳು. ನನಗೆ ನಂಬಿಕೆ ಬರಲಿಲ್ಲ. ಅವಳೇ ಕಲ್ಲು ಹತ್ತಿ, ಚಿಮಣಿ ಕಡೆ ತಿರುಗಿ, ಒಂದು ಮೆಸೇಜು ಕಳಿಸಿದಳು. ವಾಪಸು, ಹೊಸ ಕಂಪನಿಯವರಿಗೆ ತೋರಿಸಬೇಕಾದ ಎಂಟು ಅಕ್ಷರದ ಒಂದು ಕೋಡು ಬಂತು. ಅದಕ್ಕೆ ನಾಲ್ಕೇ ದಿನ ಆಯುಸ್ಸು. ಕ್ಯಾಲೆಂಡರಿನಲ್ಲಿ ಪ್ರದೋಷದ ಪಕ್ಕ ಬರೆದಿಟ್ಟೆ. ಮಾರನೆಯ ದಿನ ಹೊಸ ಕಂಪನಿಯ ಅಂಗಡಿಗೆ ಹೋಗಿ ಆಧಾರ್ ಕಾರ್ಡು ಕೊಟ್ಟೆ, ಫೋಟೋ ತೆಗೆಸಿಕೊಂಡೆ, ಬರುವಾಗ ನೂರು ಗ್ರಾಂ ಸಿಹಿಯನ್ನೂ ತಂದೆ. ಸಿಹಿ ತಿಂದಾದ ಮೇಲೆ ಮೆಸೇಜು ಬಂತು. ನಂಬರಿನ ಹೆಸರೂ ನನ್ನ ಹೆಸರೂ ಹೊಂದುವುದಿಲ್ಲವಂತೆ, ಅರ್ಜಿ ತಿರಸ್ಕಾರವಾಗಿದೆಯಂತೆ.

ಮುಂದಿನ ಭಾನುವಾರ ಮೊಮ್ಮಗಳು ಬಂದು ಮತ್ತೆ ಕೋಡು ತರಿಸಿದಳು. ಮತ್ತೆ ನಾಲ್ಕು ದಿನ. ಈ ಸಲ ಶಿವಮೊಗ್ಗಕ್ಕೇ ಬಸ್ಸು ಹತ್ತಿ, ಅವಳನ್ನು ಕಾಲೇಜಿನಿಂದ ಕರೆದುಕೊಂಡು, ಹಳೆಯ ಕಂಪನಿಯ ಆಫೀಸಿಗೆ ಹೋದೆ. ಕೌಂಟರಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಒಳ್ಳೆಯವಳು.

"ಈ ನಂಬರು ನಿಮ್ಮ ಹೆಸರಲ್ಲಿಲ್ಲ ಅಮ್ಮ."

"ಮತ್ತೆ ಯಾರ ಹೆಸರಲ್ಲಿದೆ?"

"ಅದನ್ನ ನಾನು ಹೇಳೋ ಹಾಗಿಲ್ಲ. ನೀವು ಹೇಳಿ, ಹೌದೋ ಅಲ್ವೋ ಅಂತೀನಿ."

ಮಗಳ ಹೆಸರು ಹೇಳಿದೆ. ಅಲ್ಲ. ಅಳಿಯನದು ಹೇಳಿದೆ. ಅದೂ ಅಲ್ಲ. ಉಳಿದದ್ದು ಮನೆಯವರ ಹೆಸರು. ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಂದೇ ಸಲ, ಅದೂ ಒಡಪು ಕಟ್ಟಿ ಅದರೊಳಗೆ ಸೇರಿಸಿ. ಆ ಒಡಪು ಈಗ ಮರೆತುಹೋಗಿದೆ. ಹಿಂದೆ ಸಾಲಿನಲ್ಲಿ ಆರೇಳು ಜನ ನಿಂತಿದ್ದರು. ಒಂದು ಚೀಟಿ ಕೇಳಿ ಇಸಿದುಕೊಂಡು ಬರೆದುಕೊಟ್ಟೆ. ಹುಡುಗಿ ಅದನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ, "ಅಲ್ಲ" ಅಂದಳು. ನಾನು ಅಷ್ಟು ಕಷ್ಟಪಟ್ಟದ್ದಕ್ಕಾದರೂ ಹೌದು ಅನ್ನಬಹುದಿತ್ತು.

ಮೊಮ್ಮಗಳು ಯೋಚನೆ ಮಾಡಿ ಕೇಳಿದಳು, "ಅಜ್ಜಿ, ಈ ಸಿಮ್ಮು ಮೊದಲು ನಿಮ್ಮ ಕೈಗೆ ಕೊಟ್ಟಿದ್ದು ಯಾರು?"

ಆಗ ನೆನಪಾಯಿತು. ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಾಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಬೀಗಿತ್ತಿ, ಅಂದರೆ ನಮ್ಮ ಅಳಿಯನ ತಾಯಿ, ಶಿವಮೊಗ್ಗದಿಂದ ಬರುವಾಗ ಮಡಿಲಕ್ಕಿಯ ಜೊತೆ ಗುಂಡಿ ಒತ್ತುವ ಫೋನೊಂದನ್ನು ಸಿಮ್ಮು ಹಾಕಿಸಿಯೇ ತಂದಿದ್ದರು. "ಮಗು ಹುಟ್ಟಿದ ತಕ್ಷಣ ನಂಗೆ ಗೊತ್ತಾಗ್ಬೇಕು ಬೀಗ್ರೇ, ಬಸ್ಸಲ್ಲಿ ಯಾರತ್ರಾನೋ ಹೇಳಿ ಕಳಿಸ್ಬೇಡಿ," ಅಂದಿದ್ದರು. ಆ ನಂಬರಿನಿಂದ ನಾನು ಮಾಡಿದ ಮೊದಲ ಫೋನು, ಹೆಣ್ಣು ಮಗು ಎಂದು ಹೇಳುವುದಕ್ಕೆ. ಆ ಹೆಣ್ಣು ಮಗು ಈಗ ಕೌಂಟರಿಗೆ ಮೊಣಕೈ ಊರಿ ನನ್ನ ಮುಖ ನೋಡುತ್ತಿತ್ತು.

ಬೀಗಿತ್ತಿಯ ಹೆಸರು ಹೇಳಿದೆ. "ಹೌದು," ಅಂದಳು ಕೌಂಟರಿನ ಹುಡುಗಿ. "ಅವರು ನಿಮ್ಮ ಜೊತೆ ಹೊಸ ಕಂಪನಿಗೆ ಬಂದು ಫೋಟೋ ಕೊಟ್ರೆ ಮುಗೀತು. ಬರ್ತಾರಲ್ಲ?"

ನಾನೂ ಮೊಮ್ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೀಗಿತ್ತಿ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಅದಕ್ಕೂ ಕಾರಣ ಇದೇ ನಂಬರು. ಅವರು ಶಿವಮೊಗ್ಗದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಪಾತ್ರೆಯೆಲ್ಲ ನಮ್ಮಲ್ಲಿಂದಲೇ ಹೋಗಿತ್ತು. ವಾಪಸು ಬರುವಾಗ ಅವರದೊಂದು ಹಿತ್ತಾಳೆ ಕೊಳಗ ನಮ್ಮ ರಾಶಿಯಲ್ಲಿ ಸೇರಿ ಬಂದಿತು. ಅದು ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು, ಕಂಠದ ಕೆಳಗೆ ತಾಯಿಯ ಹೆಸರು ಕೊರೆದದ್ದು. ನಾನು ನೋಡಲಿಲ್ಲ. ಮಾರನೆಯ ವಾರ ಹೊಸ ತಪ್ಪಲೆಗಳಿಗೆ ಕೊರೆಸಲು ಮಿಷನ್ನಿನವರನ್ನು ಕರೆದು, ರಾಶಿ ತೋರಿಸಿ, ಒಳಗೆ ಒಗ್ಗರಣೆ ಹಾಕಲು ಹೋದೆ. ಅವರು ಶ್ರದ್ಧೆಯವರು, ನಂಬರಿಲ್ಲದ ಒಂದು ಪಾತ್ರೆಯನ್ನೂ ಬಿಡಲಿಲ್ಲ. ಕೊಳಗವನ್ನು ತೊಳೆದು ವಾಪಸು ಕಳಿಸಿದಾಗ ಬೀಗಿತ್ತಿ ಹೇಳಿ ಕಳಿಸಿದ ಮಾತು ಒಂದೇ. "ನಮ್ಮವ್ವ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಈಗ ಅವಳ ಹೆಸರಿನ ಕೆಳಗೆ ಫೋನ್ ನಂಬರ್ ಬಂದಿದೆ. ಮಾಡಿ ನೋಡ್ತೀನಿ, ಎತ್ತಿದ್ರೂ ಎತ್ತಬಹುದು." ನಾನು ಕ್ಷಮೆ ಕೇಳಬೇಕಿತ್ತು. ಆದರೆ ಅವರ ಗೃಹಪ್ರವೇಶದಲ್ಲಿ ಕಲ್ಲಿನ ಮೇಲೆ ಬಿದ್ದು ನಗ್ಗಾದ ನಮ್ಮ ಎರಡು ತಪ್ಪಲೆಗಳ ನೆನಪೂ ಅದೇ ಹೊತ್ತಿಗೆ ಬಂತು. ಕೇಳಲಿಲ್ಲ.

ಬೀಗಿತ್ತಿಯ ಮನೆಗೆ ಆಟೋದಲ್ಲಿ ಹೋಗುವಾಗ ಮೊಮ್ಮಗಳು, "ಅಜ್ಜಿ, ಅಲ್ಲಿ ತಪ್ಪಲೆ ವಿಷ್ಯ ತೆಗೀಬೇಡಿ," ಅಂದಳು. ತೆಗೆಯುವುದಿಲ್ಲ ಅಂದೆ. ಬೀಗಿತ್ತಿ ಬರುವುದಿಲ್ಲ ಅಂದರೆ ಮುಂದಿನ ಕೋಣೆಯ ತುಂಬ ಇರುವ ಪಾತ್ರೆಗಳೆಲ್ಲ ಊರು ಮರೆತವರಂತಾಗುತ್ತವೆ. ಕೋಡಿಗೆ ಉಳಿದದ್ದು ಎರಡು ದಿನ.

ಬೀಗಿತ್ತಿ ನಡುಮನೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ನನ್ನನ್ನು ನೋಡಿ ಚಾಪೆ ಹಾಸಿದರು, ಮಾತಾಡಿದ್ದು ಮೊಮ್ಮಗಳ ಹತ್ತಿರ. ನಾಲ್ಕು ವರ್ಷದಿಂದ ಹಬ್ಬಹರಿದಿನಗಳಲ್ಲಿ ನಮ್ಮ ವ್ಯವಹಾರ ಹೀಗೆಯೇ ನಡೆದಿದೆ.

"ನಿಮ್ಮ ಭದ್ರಾವತಿ ಅಜ್ಜಿಗೆ ಕಾಫಿ ಬೇಕಾ ಕೇಳು."

"ಬೇಕು ಅನ್ನು. ಸಕ್ಕರೆ ಕಮ್ಮಿ ಅನ್ನು," ಅಂದೆ.

"ಸಕ್ಕರೆ ಕಮ್ಮಿ ಅಂತ ನಂಗೆ ಗೊತ್ತಿದೆ ಅನ್ನು."

"ಇಬ್ರೂ ಒಂದೇ ಚಾಪೆ ಮೇಲೆ ಕೂತಿದೀರಿ," ಅಂದಳು ಮೊಮ್ಮಗಳು. ನಾವು ಕೇಳಿಸದವರಂತೆ ಇದ್ದೆವು. ಅವಳು ಎದ್ದು ನಿಂತು, ಕಾಲೇಜಿನಲ್ಲಿ ಪಾಠ ಒಪ್ಪಿಸುವ ಹಾಗೆ, ಟವರು, ಕಲ್ಲು, ಕೋಡು, ತಿರಸ್ಕಾರ ಎಲ್ಲ ಹೇಳಿ, ಕೊನೆಗೆ ನಂಬರು ಯಾರ ಹೆಸರಿನಲ್ಲಿದೆ ಎಂಬುದನ್ನೂ ಹೇಳಿದಳು.

ಬೀಗಿತ್ತಿ ಅಡಕೊತ್ತು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಅಡಿಗೆಮನೆಯಲ್ಲಿ ಏನೋ ಎಳೆದ ಸದ್ದಾಯಿತು. ಆ ಕೊಳಗವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದರು. ಹುಣಿಸೆಹಣ್ಣು ಹಾಕಿ ತಿಕ್ಕಿ ಚಿನ್ನದ ಹಾಗೆ ಇಟ್ಟಿದ್ದರು. ಅದನ್ನು ನಮ್ಮ ಮಧ್ಯೆ ಇಟ್ಟು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಅಂಕಿ ಓದಿದರು.

"ಇದೇನಾ ಆ ನಂಬರು?"

"ಇದೇ ಅಜ್ಜಿ," ಅಂದಳು ಮೊಮ್ಮಗಳು.

"ಇದು ನನ್ ಹೆಸರಲ್ಲಿರೋದಾ?"

"ನಿಮ್ ಹೆಸರಲ್ಲೇ. ಮೊದಲಿಂದ್ಲೂ."

"ಹಂಗಾದ್ರೆ ನಮ್ಮವ್ವನ ಹೆಸ್ರು, ಅದ್ರ ಕೆಳಗೆ ಅವಳ ಮಗಳ ನಂಬರು." ಆಮೇಲೆ ಕನ್ನಡಕದ ಮೇಲಿಂದ ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ನನ್ನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಅಲ್ಲ ಬೀಗ್ರೇ, ನನ್ ಕೊಳಗದ ಮೇಲೆ ನನ್ ನಂಬರ್ ಕೊರೆಸಿದ್ದು ಸರಿ. ನಿಮ್ ಪಾತ್ರೆ ಮೇಲೆಲ್ಲ ನನ್ ನಂಬರ್ ಯಾಕೆ ಕೊರೆಸ್ಕೊಂಡ್ರಿ?"

ಕಾಫಿ ಕುಡಿದೆ. ಲೋಟ ಕೆಳಗಿಡುವಾಗ, "ನೋಡದೆ ಕೊರೆಸಿದ್ದು ನನ್ ತಪ್ಪೇ. ಆವತ್ತೇ ಬಂದು ಹೇಳ್ಬೇಕಿತ್ತು," ಅಂದೆ.

"ಹೇಳ್ಬೇಕಿತ್ತು," ಅಂದರು ಅವರು. "ನಿಮ್ ತಪ್ಪಲೆ ನಗ್ಗು ಮಾಡಿದ್ದು ನಮ್ಮೋರೇ. ಅದನ್ನ ನಾನೂ ಹೇಳ್ಬೇಕಿತ್ತು. ಇರಿ, ಸೀರೆ ಬದಲಾಯಿಸ್ಕೊಂಡು ಬರ್ತೀನಿ. ಫೋಟೋ ತೆಗೀತಾರಲ್ಲ."

ರೇಷ್ಮೆ ಸೀರೆಯನ್ನೇ ಉಟ್ಟು ಬಂದರು. ಹೊಸ ಕಂಪನಿಯ ಶಿವಮೊಗ್ಗದ ಅಂಗಡಿಯಲ್ಲಿ ಮೊಬೈಲು ಹಿಡಿದ ಹೆಂಗಸು ಅವರನ್ನು ಬಿಳಿ ಗೋಡೆಗೆ ನಿಲ್ಲಿಸಿ, "ಕಣ್ಣು ಮಿಟುಕಿಸಿ ಅಮ್ಮ," ಅಂದಳು.

"ಯಾಕೆ?"

"ಜೀವಂತ ಇದೀರಿ ಅಂತ ಗೊತ್ತಾಗ್ಬೇಕು."

"ನಿಂತಿದೀನಲ್ಲ."

"ಮಿಷನ್ನಿಗೆ ಗೊತ್ತಾಗ್ಬೇಕಮ್ಮ."

ಬೀಗಿತ್ತಿಗೆ ಹೋದ ವರ್ಷ ಕಣ್ಣಿನ ಆಪರೇಷನ್ ಆಗಿದೆ. ಮಿಟುಕಿಸು ಅಂದರೆ ಬಿಟ್ಟ ಕಣ್ಣು ಬಿಟ್ಟಂತೆ ನಿಲ್ಲುತ್ತಿತ್ತು. ಒಂದು ಸಲ ಆಗಲಿಲ್ಲ, ಎರಡು ಸಲ ಆಗಲಿಲ್ಲ. ಮೂರನೆಯ ಸಲವೂ ಆಗದಿದ್ದರೆ ನಾಳೆ ಬನ್ನಿ ಅಂದಳು ಆ ಹೆಂಗಸು. ನಾಳೆಯೇ ಕೋಡಿನ ಕೊನೆಯ ದಿನ. ನಾನು ಹೋಗಿ ಮೊಬೈಲಿನ ಹಿಂದೆ ನಿಂತು, ಮಗುವಿಗೆ ತುತ್ತು ತಿನ್ನಿಸುವಾಗ ನಾವೇ ಬಾಯಿ ತೆರೆಯುತ್ತೇವಲ್ಲ, ಹಾಗೆ ನಾನೇ ಎರಡೂ ಕಣ್ಣು ಮುಚ್ಚಿ ತೆರೆದು ತೋರಿಸಿದೆ. ಬೀಗಿತ್ತಿ ನನ್ನನ್ನು ನೋಡಿ ನಕ್ಕರು. ನಗುವಾಗ ಕಣ್ಣು ತಾನಾಗಿ ಮುಚ್ಚಿತು. ಮಿಷನ್ನು ಒಪ್ಪಿಕೊಂಡಿತು.

ಹೊರಗೆ ಬಂದ ಮೇಲೆ ಮೊಮ್ಮಗಳು, "ಆಮೇಲೆ ಇದನ್ನ ಭದ್ರಾವತಿ ಅಜ್ಜಿ ಹೆಸರಿಗೆ ಮಾಡಿಸ್ಬೋದು," ಅಂದಳು.

"ಬೇಡ," ಅಂದರು ಬೀಗಿತ್ತಿ. "ನನ್ ಹೆಸರಲ್ಲೇ ಇರ್ಲಿ. ಮಾತಾಡೋರು ಅವ್ರು ಮಾತಾಡ್ಲಿ." ನನಗೂ ಅದೇ ಸರಿ ಅನ್ನಿಸಿತು. ಇನ್ನೊಂದು ಸಲ ಹೆಸರು ಹೇಳುವ ಕೌಂಟರಿಗೆ ಹೋಗುವ ಆಸೆ ನನಗಿರಲಿಲ್ಲ.

ಬಸ್ಸಿನಲ್ಲಿ ಮಲವಗೊಪ್ಪ ದಾಟುವ ತನಕ ಅಂಗಡಿಯಲ್ಲಿ ಕೊಟ್ಟ ಹೊಸ ಸಿಮ್ಮನ್ನು ಮುಷ್ಟಿಯಲ್ಲೇ ಹಿಡಿದಿದ್ದೆ. ಆಮೇಲಿನ ಮೂರು ದಿನ ದಿನಕ್ಕೆ ಹತ್ತು ಸಲ ಹಳೆಯ ಸಿಮ್ಮು ಸತ್ತಿದೆಯೇ ಎಂದು ನೋಡಿದೆ. ಅದು ವರ್ಷವಿಡೀ ಸತ್ತ ಹಾಗೇ ಇದ್ದದ್ದರಿಂದ ಗೊತ್ತಾಗುವುದು ಕಷ್ಟವಾಗಿತ್ತು, ಮತ್ತೆ ಮತ್ತೆ ಕಲ್ಲು ಹತ್ತಿ ನೋಡಿ ಬರುತ್ತಿದ್ದೆ. ಸತ್ತದ್ದು ನಿನ್ನೆ.

ನಾಲ್ಕು ಕಡ್ಡಿ ಬಂದ ಮೇಲೆ ಹೂವಿನವಳಿಗೆ ಹೇಳಿ ಒಳಗೆ ಬರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ದೇವರ ಗೂಡಿನ ಮುಂದೆಯೇ. ಬೀಗಿತ್ತಿ.

"ಯಾರು ಮಾತಾಡೋದು?"

"ನಾನು ಬೀಗ್ರೇ."

"ನನ್ ನಂಬರಲ್ಲಿ ನೀವ್ಯಾಕೆ ಮಾತಾಡ್ತಿದೀರಿ? ಇರ್ಲಿ. ಎಲ್ಲಿ ನಿಂತಿದೀರಿ, ಕಲ್ಲಿನ ಮೇಲಾ?"

"ಒಳಗೆ. ನೆಲದ ಮೇಲೆ."

"ಸಾಯಂಕಾಲ ಎಲ್ರೂ ಬರ್ತೀವಿ. ಹೋಳಿಗೆ ಮಾಡಿ. ಪಾಯಸ ನಾನ್ ತರ್ತೀನಿ."

ಮನೆಯವರಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟು, ಒಗೆಯುವ ಕಲ್ಲಿನ ಕಡೆ ಒಮ್ಮೆ ನೋಡಿ, "ಇನ್ನು ಬಟ್ಟೆ ಒಗೀಬೋದು," ಅಂದರು. ಆಮೇಲೆ ನಾನು ಹೇಳದೆಯೇ ಬೇಳೆ ಆರಿಸಲು ಕೂತರು. ಅವರಿಗೆ ಸಂತೋಷವಾದಾಗ ಹೀಗೇ.

ಏಳು ಗಂಟೆಗೆ ಮಗಳು, ಅಳಿಯ, ಮೊಮ್ಮಗಳು ಬಂದರು. ಹಿಂದೆ ಬೀಗಿತ್ತಿ, ಕೊಳಗಕ್ಕೆ ಬಟ್ಟೆ ಕಟ್ಟಿ ಹಿಡಿದುಕೊಂಡು. ಇದಕ್ಕೋಸ್ಕರ ಹೊಸದಾಗಿ ಕಲಾಯಿ ಹಾಕಿಸಿದ್ದರಂತೆ. ಗಸಗಸೆ ಪಾಯಸ, ಇನ್ನೂ ಬಿಸಿ. ಬಾಡಿಗೆಯ ತಟ್ಟೆಗಳನ್ನೇ ಹಾಕಿ ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಬೀಗಿತ್ತಿ ತಮ್ಮ ತಟ್ಟೆಯನ್ನು ಎತ್ತಿ, ಅಂಚಿನಲ್ಲಿ ನಂಬರಿದೆಯೇ ಎಂದು ನೋಡಿ, ಕೆಳಗಿಟ್ಟು, "ಹಾಕಿ," ಅಂದರು. ಹೋಳಿಗೆಗೆ ತುಪ್ಪ ಬಿತ್ತು, ಎಣ್ಣೆಗಾಯಿ ಮುಗಿಯುತ್ತ ಬಂತು, ಅಳಿಯ ಎರಡನೆಯ ಸಲ ಸಾರು ಕೇಳಿದ.

ಆಗ ಫೋನು ಬಂತು. ನನ್ನ ಕೈಯಲ್ಲಿ ಸೌಟಿತ್ತು. ಬೀಗಿತ್ತಿ ಎಡಗೈಯಲ್ಲಿ ಫೋನು ಎತ್ತಿಕೊಂಡರು.

"ಹೌದು, ಪಾತ್ರೆ ಕೊಡ್ತೀವಿ. ನಾಮಕರಣಕ್ಕಾ? ಎಷ್ಟು ಜನ? ಆಯ್ತು, ಕೊಡ್ತೀವಿ. ಈಗ ಊಟಕ್ಕೆ ಕೂತಿದೀವಿ, ಆಮೇಲೆ ಮಾಡಿ. ಇದೇ ನಂಬರಿಗೆ ಮಾಡಿ."

ಫೋನನ್ನು ತೊಡೆಯ ಪಕ್ಕ ಇಟ್ಟುಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಇನ್ನೊಂದು ಹೋಳಿಗೆ ಹಾಕಿ ಬೀಗ್ರೇ," ಅಂದರು. ಹಾಕಿದೆ. ಎಲ್ಲರೂ ಉಣ್ಣುತ್ತಿದ್ದರು.